ಮೂವತ್ತೊಂದು ಮತ್ತು ಮೂವತ್ತೆರಡರ ನಡುವೆ

ಬೆಣ್ಣೂರು ಅವಳಿ ಪಟ್ಟಣದಲ್ಲಿ ನೀರು ಬಿಡುವ ಕೆಲಸ ಮನುಷ್ಯರ ಕೈಬಿಟ್ಟು ಹನ್ನೊಂದು ವರ್ಷವಾಗಿತ್ತು. ಊರಿನ ಅರವತ್ತು ಟಾಕಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ನೀರು ಹಂಚಿಕೊಳ್ಳುತ್ತಿದ್ದವು. ಪ್ರತಿ ಟಾಕಿಯ ಬುಡದಲ್ಲಿ ಹಾಲಿನ ಕ್ರೇಟಿನಷ್ಟು ದೊಡ್ಡದೊಂದು ಪೆಟ್ಟಿಗೆ. ಪೈಪಿನಿಂದ ತನಗೆ ಕೂಡಿಕೊಂಡಿರುವ ಪಕ್ಕದ ಟಾಕಿಯ ಪೆಟ್ಟಿಗೆಗೆ ಅದು ಇಂತಿಷ್ಟು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಒಂದು ಸಣ್ಣ ಸಂದೇಶ ಕಳಿಸುತ್ತದೆ. ಜಲಮಂಡಳಿಯವರು ಅದನ್ನು ನಮಸ್ಕಾರ ಎಂದು ಕರೆಯುತ್ತಿದ್ದರು. ಸಾಲಾಗಿ ನಾಲ್ಕು ನಮಸ್ಕಾರ ಬರದಿದ್ದರೆ ಪಕ್ಕದ ಟಾಕಿ ಸತ್ತಿದೆ ಎಂದು ಅರ್ಥ. ನೀರು ಬೇರೆ ದಾರಿ ಹಿಡಿಯುತ್ತದೆ. ನಮಸ್ಕಾರ ಬಂದರೆ, ತಮ್ಮಲ್ಲಿ ಎಷ್ಟು ನೀರಿದೆ, ಎತ್ತ ಎಷ್ಟು ಬೇಕಾಗಿದೆ ಎಂಬ ಪಟ್ಟಿಯನ್ನು ಎರಡೂ ಟಾಕಿಗಳು ಬದಲಾಯಿಸಿಕೊಂಡು ನೆರೆಹೊರೆಯಾಗುತ್ತವೆ. ನಡುವಿನ ವಾಲ್ವ್ ತೆರೆಯುವುದು ಆಮೇಲೆ.

ಇದಕ್ಕೊಂದು ಷರತ್ತಿತ್ತು. ಎಷ್ಟು ಸೆಕೆಂಡಿಗೊಮ್ಮೆ ನಮಸ್ಕಾರ, ಎಷ್ಟು ಸೆಕೆಂಡು ಕಾಯುವುದು ಎಂಬ ಎರಡು ಅಂಕಿ ಎರಡೂ ಕಡೆ ಒಂದೇ ಇರಬೇಕು. ಒಂದು ಸೆಕೆಂಡು ಹೆಚ್ಚುಕಡಿಮೆಯಾದರೂ ಪೆಟ್ಟಿಗೆ ಬಂದ ನಮಸ್ಕಾರವನ್ನು ಓದಿ, ದಾಖಲೆಯಲ್ಲಿ ಬರೆದುಕೊಂಡು, ತಳ್ಳಿಹಾಕುತ್ತದೆ. ನಡುವೆ ಪೈಪಿದ್ದರೂ, ಪೈಪಿನ ತುಂಬ ನೀರಿದ್ದರೂ ಆ ಎರಡು ಟಾಕಿಗಳಿಗೆ ಪರಸ್ಪರ ಗುರುತಿಲ್ಲ.

ಒಂದರಿಂದ ಮೂವತ್ತೊಂದರವರೆಗಿನ ಟಾಕಿಗಳು ಪಶ್ಚಿಮ ವಲಯ. ಅದರ ಎಂಜಿನಿಯರ್ ಶಂಭುಲಿಂಗ ಹೊರಕೇರಿ. ಮೂವತ್ತೆರಡರಿಂದ ಅರವತ್ತರವರೆಗೆ ಪೂರ್ವ ವಲಯ. ಅದರ ಎಂಜಿನಿಯರ್ ನೀಲಾಂಬಿಕಾ, ಶಂಭುಲಿಂಗನ ಹೆಂಡತಿ. ಗಂಡ ಹೆಂಡತಿ ಒಬ್ಬರ ಕೈಕೆಳಗೊಬ್ಬರು ಇರಬಾರದೆಂಬ ನಿಯಮದಿಂದ ಮಂಡಳಿ ಅವರಿಗೆ ಎರಡು ವಲಯ, ಎರಡು ನಿಯಂತ್ರಣ ಕೊಠಡಿ ಕೊಟ್ಟಿತ್ತು. ಎರಡು ವಲಯ ಕೂಡುವುದು ಒಂದೇ ಜಾಗದಲ್ಲಿ, ಮೂವತ್ತೊಂದು ಮತ್ತು ಮೂವತ್ತೆರಡನೆಯ ಟಾಕಿಗಳ ನಡುವೆ. ಆ ಗಡಿಯ ಅಂಕಿಗಳನ್ನು ಬದಲಿಸಬೇಕಾದರೆ ಕೇಂದ್ರ ಕಚೇರಿಯಲ್ಲಿರುವ ಗಡಿ ಪುಸ್ತಕದಲ್ಲಿ ಇಬ್ಬರೂ ಸಹಿ ಮಾಡಬೇಕು. ಮದುವೆಯಾದ ಮೊದಲ ವರ್ಷ ಊಟದ ನಡುವೆ ಒಂದು ವಾಲ್ವಿನ ಬಗ್ಗೆ ಜಗಳವಾಗಿ ಇಬ್ಬರೂ ಉಪವಾಸ ಮಲಗಿದ ಮೇಲೆ, ಮನೆಯಲ್ಲಿ ನೀರಿನ ಮಾತು ಆಡಬಾರದು ಎಂದು ಅವರು ಒಪ್ಪಂದ ಮಾಡಿಕೊಂಡಿದ್ದರು. ಹದಿನೈದು ವರ್ಷ ಅದನ್ನು ಮೀರಿರಲಿಲ್ಲ.

ಶಂಭುಲಿಂಗ ನೀಲಾಂಬಿಕಾಗಿಂತ ಮೂರು ವರ್ಷ ಹಿರಿಯ ನೌಕರ. ತರಬೇತಿಯಲ್ಲಿ ಅವಳಿಗೆ ಪಾಠ ಹೇಳಿದವನೂ ಅವನೇ. ಆದರೆ ಹೋದ ವರ್ಷ ಪತ್ರಿಕೆಯಲ್ಲಿ ಬಂದ ಚಿತ್ರ ಅವಳದು. ಊರು ಮೊದಲಿನಿಂದ ಹತ್ತು ಸೆಕೆಂಡಿಗೊಂದು ನಮಸ್ಕಾರ, ನಲವತ್ತು ಸೆಕೆಂಡಿನ ಕಾಯುವಿಕೆ ಎಂದು ನಡೆದಿತ್ತು. ಮೂರು ವರ್ಷದ ಹಿಂದೆ ಅವಳು ತನ್ನ ವಲಯದೊಳಗೆ ಅದನ್ನು ಮೂರು ಮತ್ತು ಹನ್ನೆರಡಕ್ಕೆ ಇಳಿಸಿದ್ದಳು. ಪ್ರತಿ ಪೈಪಿಗೂ ಬೇರೆ ಅಂಕಿ ಇಡಬಹುದಾದ್ದರಿಂದ ಗಡಿಯ ಪೈಪಿಗೆ ಮಾತ್ರ ಹಳೆಯ ಅಂಕಿಯೇ ಉಳಿದಿತ್ತು. ದೊಡ್ಡ ಪೈಪು ಒಡೆದರೆ ಸೆಕೆಂಡಿಗೆ ತೊಂಬತ್ತು ಲೀಟರ್ ಹೊರಗೆ ಹರಿಯುತ್ತದೆ. ಇಪ್ಪತ್ತೆಂಟು ಸೆಕೆಂಡು ಮೊದಲೇ ಗೊತ್ತಾದರೆ ಎರಡು ಸಾವಿರದ ಐನೂರ ಇಪ್ಪತ್ತು ಲೀಟರ್ ಉಳಿಯಿತು. ಪತ್ರಿಕೆ ಅವಳನ್ನು ‘ಹನ್ನೆರಡು ಸೆಕೆಂಡಿನ ಎಂಜಿನಿಯರ್’ ಎಂದು ಕರೆಯಿತು. ಶಂಭುಲಿಂಗನ ತಾಯಿ ಬಸಲಿಂಗವ್ವ ಆ ಚಿತ್ರವನ್ನು ಕತ್ತರಿಸಿ ಕಪಾಟಿನ ಕನ್ನಡಿಯ ಮೂಲೆಗೆ ಅಂಟಿಸಿದಳು. ಅದು ಅವನು ದಿನಾ ಗಡ್ಡ ಹೆರೆದುಕೊಳ್ಳುವ ಕನ್ನಡಿ. ವರ್ಷವಿಡೀ ಅವನು ಆ ಮುಖದ ಪಕ್ಕದಲ್ಲಿ ತನ್ನ ಮುಖ ಹೆರೆದುಕೊಂಡ.

ಈಗ ಮಂಡಳಿ ಎರಡು ವಲಯ ಸೇರಿಸಿ ಒಬ್ಬರನ್ನೇ ಮುಖ್ಯಸ್ಥರನ್ನಾಗಿ ಮಾಡಲು ಹೊರಟಿತ್ತು. ಇನ್ನು ಒಂದು ವಾರದಲ್ಲಿ ತೀರ್ಮಾನ. ಪಟ್ಟಿಯಲ್ಲಿದ್ದದ್ದು ಎರಡೇ ಹೆಸರು. ಆಯ್ಕೆಯಾಗದವರಿಗೆ ಬೇರೆ ವಿಭಾಗಕ್ಕೆ ವರ್ಗ.

ಶುಕ್ರವಾರ ಸಂಜೆ ನೀಲಾಂಬಿಕಾ ಸ್ನಾನಕ್ಕೆ ಹೋದಾಗ ಅವಳ ಡೈರಿ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಶಂಭುಲಿಂಗ ಓದಬಾರದೆಂದು ಅಂದುಕೊಂಡೇ ಓದಿದ. ‘31–32: 3, 12. ಸೋಮವಾರ.’ ಅಷ್ಟೇ ಇತ್ತು.

ಅವನು ಅದನ್ನು ಹೀಗೆ ಅರ್ಥ ಮಾಡಿಕೊಂಡ: ಸೋಮವಾರ ಇವಳು ಮೇಲಧಿಕಾರಿಯಿಂದ ಅಪ್ಪಣೆ ಪಡೆದು ಗಡಿಯನ್ನೂ ತನ್ನ ಅಂಕಿಗೆ ಬದಲಿಸುತ್ತಾಳೆ. ಪಶ್ಚಿಮದ ಟಾಕಿ ಹಳೆಯ ಅಂಕಿಯಲ್ಲೇ ಇರುತ್ತದೆ. ಸಂಬಂಧ ಕಡಿಯುತ್ತದೆ. ತೀರ್ಮಾನಕ್ಕೆ ನಾಲ್ಕು ದಿನ ಇರುವಾಗ ಎಲ್ಲರೆದುರು ಹಿಂದುಳಿದವನು ತಾನಾಗುತ್ತೇನೆ. ತನ್ನ ಸಹಿ ಕೇಳಲು ಅವಳು ಬರಬಹುದು ಎಂಬುದು ಅವನಿಗೆ ಹೊಳೆಯಲಿಲ್ಲ. ಅವನಾಗಿದ್ದರೆ ಕೇಳುತ್ತಿರಲಿಲ್ಲ.

ಶನಿವಾರ ಸಂಜೆ ನಾಲ್ಕು ನಲವತ್ತಕ್ಕೆ ಅವನು ತನ್ನ ಕೊಠಡಿಯಲ್ಲಿ ಕೂತು ಪಶ್ಚಿಮದ ಮೂವತ್ತೊಂದೂ ಟಾಕಿಗಳನ್ನು ಮೂರು ಮತ್ತು ಹನ್ನೆರಡಕ್ಕೆ ಬದಲಿಸಿದ. ಗಡಿಯ ಟಾಕಿಯನ್ನೂ ಬಿಡಲಿಲ್ಲ. ಮೂವತ್ತೊಂದರ ಪರದೆಯಲ್ಲಿ ಕೂಡಲೇ ಒಂದು ಸಾಲು ಬಂತು: ‘ಮೂವತ್ತೆರಡರಿಂದ ನಮಸ್ಕಾರ ಬಂದಿದೆ, ಹೊತ್ತು ಹೊಂದುತ್ತಿಲ್ಲ, ಸ್ವೀಕರಿಸಿಲ್ಲ.’ ಇದು ಅವನಿಗೆ ಗೊತ್ತಿದ್ದದ್ದೇ. ಗಡಿಯ ಪೈಪಿನಲ್ಲಿ ಹದಿನಾಲ್ಕು ತಿಂಗಳಿಂದ ನೀರು ಹಾಯುವ ಪ್ರಸಂಗ ಬಂದಿರಲಿಲ್ಲ. ಇನ್ನು ಎರಡು ದಿನ ಕಡಿದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಸೋಮವಾರ ಅವಳು ಬದಲಿಸಿದ ಕ್ಷಣ ತಾನಾಗಿ ಕೂಡುತ್ತದೆ. ಆಗ, ಪಶ್ಚಿಮ ವಲಯ ಮೊದಲೇ ಸಿದ್ಧವಾಗಿತ್ತು ಎಂದು ಸಭೆಯಲ್ಲಿ ಹೇಳಬಹುದು. ಆ ವಾಕ್ಯವನ್ನು ಅವನು ದಾರಿಯಲ್ಲಿ ಎರಡು ಸಲ ಹೇಳಿ ನೋಡಿದ.

ಭಾನುವಾರ ಬೆಳಿಗ್ಗೆ ಐದು ಐವತ್ತಕ್ಕೆ ಮೇಲ್ಭಾಗದಲ್ಲಿ ಬಿದ್ದ ಮಳೆಗೆ ಪಶ್ಚಿಮ ವಲಯದ ನಡುವೆ ಹಾಯುವ ಹಳ್ಳ ತುಂಬಿ ಬಂತು. ಸೇತುವೆಯ ಪಕ್ಕದ ದಂಡೆ ಕುಸಿದು ದೊಡ್ಡ ಪೈಪು ಒಡೆಯಿತು. ಆ ಪೈಪಿನ ಜೊತೆಗೇ ಹೂತಿದ್ದ ಸಂದೇಶದ ಕೇಬಲ್ಲೂ ಕೊಚ್ಚಿಹೋಯಿತು. ಹಳ್ಳದಾಚೆಯ ಆರು ಟಾಕಿಗಳು, ಇಪ್ಪತ್ತಾರರಿಂದ ಮೂವತ್ತೊಂದರವರೆಗೆ, ಪಶ್ಚಿಮದ ನೀರಿನಿಂದಲೂ ಶಂಭುಲಿಂಗನ ಪರದೆಯಿಂದಲೂ ಒಟ್ಟಿಗೆ ಕಡಿದುಹೋದವು. ಆ ಆರು ಟಾಕಿಗಳ ಕೆಳಗೆ ಎರಡು ಸಾವಿರದ ನೂರ ನಲವತ್ತು ಮನೆಗಳು. ಅವುಗಳಲ್ಲಿ ಒಂದು ಶಂಭುಲಿಂಗನದು. ದುರಸ್ತಿಗೆ ಮೂರು ದಿನ ಬೇಕು ಎಂದರು.

ಇಂಥ ಹೊತ್ತಿಗೆಂದೇ ಗಡಿಯ ಪೈಪು ಇದ್ದದ್ದು. ಮೂವತ್ತೆರಡರಿಂದ ಮೂವತ್ತೊಂದಕ್ಕೆ ನೀರು ತಾನಾಗಿ ಬರಬೇಕಿತ್ತು. ಬರಲಿಲ್ಲ. ಅಂಕಿಯನ್ನು ಸದ್ದಿಲ್ಲದೆ ಹಳೆಯದಕ್ಕೆ ಮರಳಿಸೋಣವೆಂದರೆ ಮೂವತ್ತೊಂದನೆಯ ಪೆಟ್ಟಿಗೆ ಅವನ ಕೈಗೆ ಸಿಗುವಂತಿರಲಿಲ್ಲ. ಸ್ಥಳಕ್ಕೆ ಹೋಗಿ ಬದಲಿಸುವ ವ್ಯವಸ್ಥೆಯನ್ನು ಮಂಡಳಿ ಬೇಕೆಂದೇ ಇಟ್ಟಿರಲಿಲ್ಲ. ಕೈಯಿಂದ ತಿರುಗಿಸುವ ಚಕ್ರಗಳನ್ನು ಹನ್ನೊಂದು ವರ್ಷದ ಹಿಂದೆಯೇ ಕಿತ್ತುಹಾಕಲಾಗಿತ್ತು. ಚಕ್ರಕ್ಕಾಗಿ ಓಣಿ ಓಣಿಗಳ ನಡುವೆ ತಲೆ ಒಡೆದಿದ್ದವು. ಉಳಿದ ದಾರಿ ಒಂದೇ. ನೀಲಾಂಬಿಕಾ ಮೂವತ್ತೆರಡನ್ನು ಮೂರು ಮತ್ತು ಹನ್ನೆರಡಕ್ಕೆ ತರಬೇಕು. ಹಾಗೆ ಮಾಡು ಎಂದು ಅವಳಿಗೆ ಹೇಳಬೇಕಾದರೆ ಯಾಕೆ ಎಂಬುದನ್ನೂ ಹೇಳಬೇಕು.

ಮಧ್ಯಾಹ್ನ ಮುಖ್ಯಾಧಿಕಾರಿ ದೇಸಾಯಿಯವರು ಇಬ್ಬರನ್ನೂ ಫೋನಿನಲ್ಲಿ ಕೂಡಿಸಿದರು. ದೇಸಾಯಿ ಆಡಳಿತ ವಿಭಾಗದಿಂದ ಬಂದವರು. ಟಾಕಿಗಳ ಮಾತು ಅವರಿಗೆ ತಿಳಿಯದು.

“ಪೂರ್ವದಾಗ ನೀರೈತಿ, ಪಶ್ಚಿಮದಾಗ ಇಲ್ಲ. ನಡುವ ಪೈಪ್ ಐತಿ. ಯಾಕ ಬರವಲ್ದು?”

“ಪರಿಶೀಲನೆ ನಡದೈತಿ ಸರ್,” ಎಂದ ಶಂಭುಲಿಂಗ.

“ಮೇಡಮ್, ನಿಮ್ಮ ಕಡೆ?”

“ಮೂವತ್ತೆರಡು ಸರಿ ಐತಿ ಸರ್. ಹತ್ತು, ನಲವತ್ತು. ಗಡಿ ಪುಸ್ತಕದಾಗ ಹೆಂಗ ಐತೋ ಹಂಗ.”

ಅವಳ ದನಿಯಲ್ಲಿ ಏನೂ ಇರಲಿಲ್ಲ. ಶಂಭುಲಿಂಗ ಅದರಲ್ಲಿ ಏನಿದೆ ಎಂದು ಮಧ್ಯಾಹ್ನವೆಲ್ಲ ಹುಡುಕಿದ.

“ನನಗ ಅಂಕಿ ಬ್ಯಾಡ, ನೀರು ಬೇಕು,” ಎಂದು ದೇಸಾಯಿ ಫೋನಿಟ್ಟರು. ಸಂಜೆಯ ಹೊತ್ತಿಗೆ ಊರಲ್ಲಿ ಒಂದು ಸುದ್ದಿ ಹಬ್ಬಿತ್ತು: ಪೂರ್ವದ ಎಂಜಿನಿಯರಮ್ಮ ತನ್ನ ವಲಯದ ಹೆಸರು ಕೆಡಬಾರದೆಂದು ನೀರು ಹಿಡಿದಿಟ್ಟುಕೊಂಡಿದ್ದಾಳೆ. ಯಾರು ಹಬ್ಬಿಸಿದರೋ ಗೊತ್ತಿಲ್ಲ. ಶಂಭುಲಿಂಗ ಹಬ್ಬಿಸಲಿಲ್ಲ. ತನ್ನ ಕೊಠಡಿಯಲ್ಲಿ ಒಬ್ಬ ಸಿಬ್ಬಂದಿ ಅದನ್ನು ಹೇಳಿದಾಗ ಅಲ್ಲವೆನ್ನಲೂ ಇಲ್ಲ. ಅವನಿಗೆ ಅದು ಸ್ವಲ್ಪ ಹಿತವಾಗಿಯೇ ಕೇಳಿಸಿತು. ವರ್ಷದಲ್ಲಿ ಮೊದಲ ಸಲ ಜನ ಅವಳ ಹೆಸರನ್ನು ಬೇರೆ ದನಿಯಲ್ಲಿ ಹೇಳುತ್ತಿದ್ದರು.

ಮನೆಗೆ ಬಂದಾಗ ಬಾಗಿಲಲ್ಲಿ ಖಾಲಿ ಕೊಡಗಳು ಸಾಲಾಗಿದ್ದವು. ಕಟ್ಟೆಯ ಮೇಲೆ ಬಸಲಿಂಗವ್ವ ಮತ್ತು ಪಕ್ಕದ ಮನೆಯ ಶಾಂತವ್ವ ಕೂತಿದ್ದರು. ನೀಲಾಂಬಿಕಾ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಕ್ಯಾನ್ ನೀರಿಟ್ಟುಕೊಂಡು ಆಗಷ್ಟೇ ಬಂದಿಳಿದಿದ್ದಳು.

“ನೋಡವ್ವಾ ಬಸಲಿಂಗಕ್ಕ,” ಎಂದಳು ಶಾಂತವ್ವ. “ಗಂಡ ಆರು ಟಾಕಿ ಒಣಗಿಸ್ಯಾನ, ಹೆಂಡ್ತಿ ಎರಡು ಕ್ಯಾನ್ ತಂದು ಮಾನ ಮುಚ್ಚಾಕತ್ಯಾಳ.”

“ಹಳ್ಳ ಒಣಗಿಸೇತಿ, ನಾ ಅಲ್ಲ,” ಎಂದ ಶಂಭುಲಿಂಗ.

“ಹಳ್ಳಕ್ಕ ನೀ ಎಂಜಿನಿಯರ್ ಏನಪಾ?” ಎಂದಳು ತಾಯಿ. “ನೀಲಾನ ಟಾಕಿ ತುಂಬಿ ತುಳಕಾಕತ್ತಾವಂತ. ನಿನ್ನವು ಹೆಂಗ ಬತ್ತಿದ್ವು? ಇಬ್ರೂ ಒಂದ ಸಾಲಿ ಕಲತವ್ರ ಅಲ್ಲೇನು?”

“ಅಕ್ಕಿ ಹಾಕ್ಲೇನ್ರಿ ಅತ್ತಿ?” ಎಂದು ನೀಲಾಂಬಿಕಾ ಕ್ಯಾನ್ ಎತ್ತಿಕೊಂಡು ಒಳಗೆ ಹೋದಳು. ಶಾಂತವ್ವನಿಗೂ ಅವಳು ಅರ್ಧ ಕ್ಯಾನ್ ಕೊಟ್ಟಳು. ಪೂರ್ವದ ನೀರು ಸಿಹಿ ಇರುತ್ತದೆ ಎಂದು ಶಾಂತವ್ವ ಹೇಳಿದ್ದು ಶಂಭುಲಿಂಗನಿಗೆ ಕೇಳಿಸಿತು. ಎರಡೂ ವಲಯಕ್ಕೆ ಬರುವುದು ಒಂದೇ ನದಿಯ ನೀರು, ಒಂದೇ ಶುದ್ಧೀಕರಣ ಘಟಕದಿಂದ.

ಏಳು ಗಂಟೆಗೆ ಊಟಕ್ಕೆ ಕೂತರು. ನೀಲಾಂಬಿಕಾ ಪಲ್ಯ ಬಡಿಸಿದಳು, ರೊಟ್ಟಿ ಇಟ್ಟಳು, ಎದುರು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ನಿಮಗ ನನ್ನ ಕಡೆಯಿಂದ ಏನರ ಬೇಕಾಗೈತೇನು?”

ಅವನು ರೊಟ್ಟಿ ಮುರಿದ.

“ಉಪ್ಪು ಕೊಡು.”

ಅವಳು ಉಪ್ಪಿನ ಡಬ್ಬಿ ಅವನ ಕಡೆ ಸರಿಸಿದಳು. ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇತ್ತು. ಅವನು ಹಾಕಿಕೊಂಡು ತಿಂದ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹುಸೇನಸಾಬ ಪಶ್ಚಿಮದ ನಿಯಂತ್ರಣ ಕೊಠಡಿಗೆ ಬಂದ. ಪೆಟ್ಟಿಗೆಗಳು ಬರುವ ಮೊದಲು ಅವನು ಇಪ್ಪತ್ತೆರಡು ವರ್ಷ ಚಕ್ರ ತಿರುಗಿಸಿ ನೀರು ಬಿಟ್ಟವನು. ಈಗ ಟಾಕಿಯಿಂದ ಟಾಕಿಗೆ ಸೈಕಲ್ ಮೇಲೆ ಗಸ್ತು ತಿರುಗುತ್ತಿದ್ದ. ಪ್ರತಿದಿನ ಈ ಹೊತ್ತಿಗೆ ಶಂಭುಲಿಂಗನ ಜೊತೆ ಒಂದು ಕಪ್ ಚಹಾ ಕುಡಿಯುವುದು ಅವನ ರೂಢಿ.

“ಮೂವತ್ತೊಂದಕ್ಕ ಹೋಗಿದ್ದೆ ಸಾಹೇಬ್ರ. ಗಡಿ ಪೈಪಿಗೆ ಕಿವಿ ಹಚ್ಚಿ ನೋಡಿದೆ. ಆ ಕಡೆ ತುಂಬಿ ನಿಂತೈತಿ. ವಾಲ್ವಿನ ಬುಡಕ್ಕ ಬಂದು ನಿಂತೈತಿ. ನಮ್ಮ ಕಾಲದಾಗ ಆಗಿದ್ರ ಎರಡು ಸುತ್ತು ಸಾಕಿತ್ತು.”

“ನೋಡಾಕತ್ತೀವಿ, ಹುಸೇನಸಾಬ್ರ.”

“ನೋಡ್ರಿ, ನೋಡ್ರಿ. ನಾ ಇವತ್ತ ರಜಾ ಕೇಳಾಕ ಬಂದೀನಿ. ಜೈನಾಬೀದು ಇವತ್ತ ಸರದಿ ಇತ್ತು. ಕೇಂದ್ರದವ್ರು ಫೋನ್ ಮಾಡಿದ್ರು, ನೀರಿಲ್ಲ, ಹನ್ನೆರಡಕ್ಕ ಬಾಗಲಾ ಹಾಕ್ತೀವಿ ಅಂತ.”

ಹುಸೇನಸಾಬನ ಹೆಂಡತಿ ಜೈನಾಬಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಹಳ್ಳದಾಚೆಯ ಆ ಡಯಾಲಿಸಿಸ್ ಕೇಂದ್ರದಲ್ಲಿ ಐದು ಯಂತ್ರಗಳಿದ್ದವು. ಒಬ್ಬ ರೋಗಿಯ ನಾಲ್ಕು ಗಂಟೆಯ ಸರದಿಗೆ ನೂರಿಪ್ಪತ್ತು ಲೀಟರ್ ಶುದ್ಧ ನೀರು ಬೇಕು. ಆ ನೀರನ್ನು ಶುದ್ಧ ಮಾಡುವಾಗ ಸುಮಾರು ಅಷ್ಟೇ ಪೋಲಾಗುತ್ತದೆ. ಮಂಡಳಿಯ ಬಳಿ ಉಳಿದಿದ್ದ ಎರಡೇ ಟ್ಯಾಂಕರುಗಳು ಆಸ್ಪತ್ರೆಯ ವಾರ್ಡುಗಳಿಗೇ ಸಾಲುತ್ತಿರಲಿಲ್ಲ.

“ಈಗೇನು ಮಾಡ್ತೀರಿ?”

“ಹುಬ್ಬಳ್ಳಿಗೆ ಕರಕೊಂಡು ಹೋಗ್ತೀನ್ರಿ. ಬಸ್ಸಿನಾಗ ಮೂರು ತಾಸು. ಅಲ್ಲಿ ಸರದಿ ಸಿಕ್ರ ಸಿಕ್ತು. ಶುಕ್ರವಾರದ್ದ ಕಡೀದು ಆಕೀಗೆ; ಕಾಲು ಬಾತಾವ, ಮಲಗಿದ್ರ ಉಸಿರು ಹಿಡೀತೈತಿ, ಕುಂತ ನಿದ್ದಿ ಮಾಡ್ಯಾಳ.” ಅವನು ಚಹಾದ ಕಪ್ಪನ್ನು ಕೆಳಗಿಟ್ಟ. “ಮಂದಿ ಮೇಡಮ್ಮನ ಮ್ಯಾಲ ಹೇಳಾಕತ್ತಾರ. ನಾ ನಂಬೂದಿಲ್ಲ. ನೀರು ಹಿಡದಿಡೂ ಮಂದಿ ನಾ ಭಾಳ ನೋಡೀನಿ. ಅವರ ಮಾರಿ ಬ್ಯಾರೇನ ಇರ್ತೈತಿ.”

ಹಾಗೆ ಹೇಳುವಾಗ ಅವನು ಶಂಭುಲಿಂಗನ ಮುಖ ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತು ಎಂದು ಶಂಭುಲಿಂಗನಿಗೆ ತಿಳಿಯದು.

ಅವನು ಹೋದ ಮೇಲೆ ಶಂಭುಲಿಂಗ ಒಂದು ತಾಸಿಗಿಂತ ಹೆಚ್ಚು ಹೊತ್ತು ಕೂತೇ ಇದ್ದ. ಆ ತಾಸಿನಲ್ಲಿ ಅವನು ಯೋಚಿಸಿದ್ದು ಜೈನಾಬಿಯ ಬಗ್ಗೆ ಮಾತ್ರ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚು ಹೊತ್ತು ಅವನು ಯೋಚಿಸಿದ್ದು, ತಾನು ಹೇಳಿದಾಗ ನೀಲಾಂಬಿಕಾಳ ಮುಖ ಹೇಗಿರುತ್ತದೆ ಎಂದು. ಗೆದ್ದವರ ಮುಖ ಇರುತ್ತದೆಯೇ, ಮರುಕದ ಮುಖ ಇರುತ್ತದೆಯೇ? ಎರಡನೆಯದು ತನಗೆ ತಡೆಯಲಾಗದು ಎಂದು ಅವನಿಗೆ ಅನಿಸಿತು. ಹತ್ತೂವರೆ ದಾಟಿದ ಮೇಲೆ ಎದ್ದು ಬೈಕು ತೆಗೆದ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಹೇಳಿದರೆ ಮಾತು ಬಾಯಿಂದ ಹೊರಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಪೂರ್ವದ ನಿಯಂತ್ರಣ ಕೊಠಡಿ ಕೇಂದ್ರ ಕಚೇರಿಯ ನೆಲಮಹಡಿಯಲ್ಲಿತ್ತು. ಹನ್ನೊಂದು ವರ್ಷದಲ್ಲಿ ಅವನು ಅದರ ಹೊಸ್ತಿಲು ದಾಟಿರಲಿಲ್ಲ. ಒಳಗೆ ನಾಲ್ಕು ಜನ ಸಿಬ್ಬಂದಿ, ಕುರ್ಚಿಯ ಅಂಚಿನಲ್ಲಿ ಕೂತ ದೇಸಾಯಿ, ದೊಡ್ಡ ಪರದೆಯ ಎದುರು ನೀಲಾಂಬಿಕಾ. ಅವನು ಬಾಗಿಲಲ್ಲೇ ನಿಂತು ಹೇಳಿದ:

“ನೀಲಾ, ಮೂವತ್ತೆರಡನ್ನ ಮೂರು ಹನ್ನೆರಡಕ್ಕ ತಗೋ. ಮೂವತ್ತೊಂದನ್ನ ನಾ ಬದಲಿ ಮಾಡೀನಿ. ಶನಿವಾರ. ಪುಸ್ತಕದಾಗ ಬರದಿಲ್ಲ, ಯಾರನ್ನೂ ಕೇಳಿಲ್ಲ.”

ದೇಸಾಯಿ ಅವನ ಕಡೆ ತಿರುಗಿದರು. “ನಿನ್ನೆ ಪರಿಶೀಲನೆ ಅಂದ್ರಿ.”

“ಹೌದು ಸರ್. ಸುಳ್ಳು ಹೇಳಿದೆ.”

“ಮೇಡಮ್, ಪುಸ್ತಕ ಆಮ್ಯಾಲ. ಮೊದಲ ನೀರು.”

ನೀಲಾಂಬಿಕಾ ಏನನ್ನೂ ಬರೆಯಲಿಲ್ಲ. ಆದೇಶ ಅವಳ ಪರದೆಯಲ್ಲಿ ಮೊದಲೇ ಬರೆದು ಸಿದ್ಧವಾಗಿತ್ತು. ಅವಳು ಒಂದು ಗುಂಡಿ ಮಾತ್ರ ಒತ್ತಿದಳು. ಆ ಸಾಲಿನ ಪಕ್ಕದಲ್ಲಿ ಬರೆದ ಹೊತ್ತು ಕಾಣುತ್ತಿತ್ತು: ಭಾನುವಾರ, ಬೆಳಿಗ್ಗೆ 6.15. ಶಂಭುಲಿಂಗ ಅದನ್ನು ಎರಡು ಸಲ ಓದಿದ.

ಪರದೆಯಲ್ಲಿ ಮೂವತ್ತೊಂದರ ಪಕ್ಕ ‘ಪರಿಚಯ’ ಎಂದು ಬಂತು. ಸ್ವಲ್ಪ ಹೊತ್ತಿಗೆ ‘ಪಟ್ಟಿ ವಿನಿಮಯ’. ಆಮೇಲೆ ‘ನೆರೆಹೊರೆ’. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ವಾಲ್ವ್ ತೆರೆಯಿತು. ಸಿಬ್ಬಂದಿಯಲ್ಲಿ ಒಬ್ಬಳು ತಡೆಯಲಾರದೆ ಚಪ್ಪಾಳೆ ತಟ್ಟಿದಳು, ಉಳಿದವರೂ ಸೇರಿಕೊಂಡರು. ಚಪ್ಪಾಳೆ ನೀಲಾಂಬಿಕಾಗೆ. ಅಂಥ ಹೊತ್ತಿನಲ್ಲೂ ಶಂಭುಲಿಂಗ ಎಷ್ಟು ಜನ ತಟ್ಟುತ್ತಿದ್ದಾರೆ ಎಂದು ಎಣಿಸಿದ.

ಅವನು ಹುಸೇನಸಾಬನಿಗೆ ಫೋನ್ ಮಾಡಿದ. ಹುಸೇನಸಾಬ ಹೆಂಡತಿಯನ್ನು ಬಸ್ಸು ಹತ್ತಿಸುತ್ತಿದ್ದ. ಇಳಿಸಿದ. ಮಧ್ಯಾಹ್ನ ಎರಡಕ್ಕೆ ಜೈನಾಬಿಗೆ ಸರದಿ ಸಿಕ್ಕಿತು.

ಕಚೇರಿಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಶಂಭುಲಿಂಗ ಹೆಂಡತಿಯನ್ನು ಕೇಳಿದ: “ಯಾವಾಗ ಗೊತ್ತಾತು?”

“ಶನಿವಾರ ನಾಕು ನಲವತ್ತೊಂದಕ್ಕ. ನಿಮ್ಮ ಮೂವತ್ತೊಂದು ನನ್ನ ಮೂವತ್ತೆರಡಕ್ಕ ಮೂರು ಸೆಕೆಂಡಿಗೊಮ್ಮೆ ಹೇಳಾಕತ್ತಿತ್ತಲ್ರಿ. ಎಲ್ಲಾ ದಾಖಲಾಗೈತಿ.”

“ಮತ್ತ ಯಾಕ ಸುಮ್ನಿದ್ದಿ? ಎರಡು ಸಾವಿರ ಮನಿ ಒಣಗಿದ್ವಲ್ಲ.”

“ದೇಸಾಯರಿಗೆ ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು. ಹೇಳದ ಬದಲಿ ಮಾಡಿದ್ರ ನಿಮ್ಮ ತಪ್ಪು ನಾ ಮುಚ್ಚಿದಂಗ ಆಗ್ತಿತ್ತು, ಅದಕ್ಕೂ ನೀವು ಉರಕೋತಿದ್ರಿ. ನೀವಾಗಿ ಕೇಳ್ತೀರಂತ ಕಾದೆ.” ಅವಳು ಸ್ಕೂಟರಿನ ಕೈ ಹಿಡಿದು ನಿಂತಿದ್ದಳು. “ಹುಸೇನಸಾಬ್ರನ್ನ ಕೇಳ್ತೀರಿ, ಅತ್ತೀನ್ನ ಕೇಳ್ತೀರಿ, ಅಂಗಡಿಯವನನ್ನೂ ಕೇಳ್ತೀರಿ. ನನ್ನ ಒಂದು ಮಾತು ಕೇಳಿದ್ದು ನೆನಪೈತೇನು? ನನಗ ಹಟ ಬಂತು. ಜೈನಾಬೀದು ನನಗ ಗೊತ್ತಿರಲಿಲ್ಲ. ಗೊತ್ತಿದ್ರ ಏನು ಮಾಡ್ತಿದ್ದೆ ಅಂತ ನೀವು ಫೋನ್ ಮಾಡಿದಾಗಿಂದ ಯೋಚನಿ ಮಾಡಾಕತ್ತೀನಿ.”

“ಡೈರಿಯಾಗ ಸೋಮವಾರ ಅಂತ ಬರದಿದ್ದಿ.”

“ಓದಿದ್ರಿ ಅಂತಾತು. ಸೋಮವಾರ ನಿಮ್ಮ ಸಹಿ ಕೇಳಾಕ ಬರೂದಿತ್ತು.”

ವಿಚಾರಣೆ ಎರಡು ವಾರ ನಡೆಯಿತು. ವರದಿ ನಾಲ್ಕು ಪುಟದ್ದು. ಗಡಿಯ ಸಂಬಂಧ ಅಗತ್ಯವಿದ್ದಾಗ ಇಪ್ಪತ್ತೊಂಬತ್ತು ಗಂಟೆ ಹದಿನೆಂಟು ನಿಮಿಷ ಕಡಿದಿತ್ತು. ಪಶ್ಚಿಮದ ಎಂಜಿನಿಯರ್ ಅನುಮತಿಯಿಲ್ಲದೆ ಅಂಕಿ ಬದಲಿಸಿ ಮುಚ್ಚಿಟ್ಟರು. ಪೂರ್ವದ ಎಂಜಿನಿಯರ್ ಕಾರಣ ತಿಳಿದೂ ವರದಿ ಮಾಡಲಿಲ್ಲ. ಇಬ್ಬರ ಹೆಸರನ್ನೂ ಮುಖ್ಯಸ್ಥರ ಪಟ್ಟಿಯಿಂದ ತೆಗೆಯಲಾಯಿತು. ಬೇರೆ ಊರಿನಿಂದ ಮೂರನೆಯವರು ಬಂದರು. ಅವರ ಕೈಕೆಳಗೆ, ಒಂದೇ ಕೊಠಡಿಯಲ್ಲಿ, ಗಂಡ ಹೆಂಡತಿಗೆ ಎರಡು ಮೇಜು ಹಾಕಿಸಿದರು.

ಹುಸೇನಸಾಬ ತನ್ನ ಹೇಳಿಕೆ ಕೊಟ್ಟು ಹೊರಬಂದಾಗ ಶಂಭುಲಿಂಗ ಕಾರಿಡಾರಿನಲ್ಲಿ ಎದುರಾದ. ಹುಸೇನಸಾಬ ನಿಂತ.

“ಚಕ್ರ ನನ್ನ ಕೈಯಾಗಿದ್ದಾಗ ನನಗೂ ಆಗದ ಮಂದಿ ಇದ್ರು ಸಾಹೇಬ್ರ. ನಮ್ಮ ಅಣ್ಣನ ಓಣೀನೂ ನನ್ನ ಕೈಯಾಗ ಇತ್ತು, ಹನ್ನೆರಡು ವರ್ಷ ಮಾತಿರಲಿಲ್ಲ ನಮಗ. ಅವನ ಓಣಿಗೆ ಒಂದು ದಿನ ನೀರು ತಡಾ ಮಾಡಿಲ್ಲ ನಾನು.”

ಇಷ್ಟೇ ಹೇಳಿ ಸೈಕಲ್ ಕಡೆ ಹೋದ. ಮರುದಿನದಿಂದ ಎಂಟೂವರೆಯ ಚಹಾಕ್ಕೆ ಅವನು ಬರಲಿಲ್ಲ. ಶಂಭುಲಿಂಗ ಕರೆಯಲೂ ಇಲ್ಲ.

ಇದಾಗಿ ಒಂದು ತಿಂಗಳ ಮೇಲೆ, ಬಸಲಿಂಗವ್ವ ಶಾಂತವ್ವನ ಮನೆಗೆ ಹೋಗಿದ್ದ ಒಂದು ಸಂಜೆ, ನೀಲಾಂಬಿಕಾ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಶಂಭುಲಿಂಗ ಬಂದು ಎದುರಿನ ಸ್ಟೂಲಿನ ಮೇಲೆ ಕೂತ. ಒಂದು ಕಟ್ಟು ತಾನೂ ಎತ್ತಿಕೊಂಡ. ಸ್ವಲ್ಪ ಹೊತ್ತು ಬಿಡಿಸಿದ ಮೇಲೆ ಕೇಳಿದ:

“ಮೂರ ಯಾಕ?”

“ಏನು?”

“ನಮಸ್ಕಾರ. ಎರಡು ಅಲ್ಲ, ನಾಕು ಅಲ್ಲ. ಮೂರ ಯಾಕ ಹಿಡದಿ?”

ನೀಲಾಂಬಿಕಾ ಅವನನ್ನು ನೋಡಿದಳು. ಆಮೇಲೆ ಸೊಪ್ಪಿಗೆ ತಿರುಗಿ ಹೇಳತೊಡಗಿದಳು. ಎರಡಿಟ್ಟರೆ ಪೆಟ್ಟಿಗೆಗೆ ನಮಸ್ಕಾರ ಹೇಳುವುದರಲ್ಲೇ ಹೊತ್ತು ಹೋಗಿ ಪಟ್ಟಿ ಹಿಂದೆ ಬೀಳುತ್ತಿತ್ತು. ನಾಲ್ಕಿಟ್ಟರೆ ಕಾಯುವುದು ಹದಿನಾರು ಸೆಕೆಂಡು. “ಪೈಪ್ ಒಡದ್ರ ಹದಿಮೂರನೇ ಸೆಕೆಂಡಿಗೆ ಒತ್ತಡ ಬಿದ್ದು ಒಳಗ ಗಾಳಿ ಹೊಗತೈತಲ್ರಿ. ಗಾಳಿ ಹೊಕ್ಕರ ಅದನ್ನ ತಗಿಯಾಕ ಅರ್ಧ ದಿನ ಬೇಕು. ಹದಿಮೂರರ ಒಳಗ ಗೊತ್ತಾಗಬೇಕು. ನಾಕು ಸಲ ಹನ್ನೆರಡು. ಅದಕ್ಕ ಮೂರು.”

ಹದಿಮೂರು ಸೆಕೆಂಡಿನ ಆ ಅಂಕಿ ಶಂಭುಲಿಂಗನಿಗೆ ಅವಳಿಗಿಂತ ಮೊದಲು ಗೊತ್ತಿತ್ತು. ಗಡಿಯಾರ ಹಿಡಿದು ಪಂಪ್‌ಹೌಸಿನಲ್ಲಿ ನಿಂತು ಅದನ್ನು ಕಂಡುಹಿಡಿದವನು ಅವನೇ. ತರಬೇತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದವನೂ ಅವನೇ. ಮೊದಲ ಸಾಲಿನಲ್ಲಿ ಕೂತ ಒಬ್ಬ ಹುಡುಗಿ ಅದನ್ನು ಬರೆದುಕೊಂಡಿದ್ದಳು. ಅದನ್ನು ನಾಲ್ಕರಿಂದ ಭಾಗಿಸಿದರೆ ಮೂರು ಬಂದು ಒಂದು ಉಳಿಯುತ್ತದೆ ಎಂಬುದು ಅಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ.

ಅವನ ಕೈ ನಿಂತದ್ದನ್ನು ಅವಳು ನೋಡಿದಳು.

“ಹೊಟ್ಟಿ ಉರೀತೇನ್ರಿ?”

“ಉರೀತು.”

“ಭಾಳ?”

“ಭಾಳ. ಅದು ನನ್ನ ಹದಿಮೂರು.”

“ಹೌದಲ್ಲ, ನಿಮ್ಮದ. ಪತ್ರಿಕೆಯವ್ರಿಗೆ ನಾ ಹೇಳಿದ್ದೆ. ಅವರು ಹಾಕಲಿಲ್ಲ.” ಅವಳು ಒಂದು ಕಡ್ಡಿಯ ಎಲೆಗಳನ್ನು ಪೂರ್ತಿ ಬಿಡಿಸಿ ಮುಗಿಸಿದಳು. “ಇನ್ನೊಂದು ಅವರಿಗೆ ನಾ ಹೇಳಿರಲಿಲ್ಲ. ಮೂರು ಸೆಕೆಂಡಿಗೆ ಪೆಟಿಗಿ ಬ್ಯಾಟರಿ ತಡೀವಲ್ಲವು. ನಮ್ಮ ಕಡೆ ಇಪ್ಪತ್ತೊಂಬತ್ತೂ ಟಾಕಿವು ಎರಡು ಸಲ ಬದಲಿ ಆಗ್ಯಾವ. ಹತ್ತು ಸೆಕೆಂಡಿದ್ದಾಗೂ ನಮ್ಮವು ನಿಮ್ಮವಷ್ಟು ಬಾಳಲಿಲ್ಲ. ಎರಡು ವರ್ಷದಿಂದ ನಿಮ್ಮನ್ನ ಕೇಳಬೇಕಂತ ಮಾಡೀನಿ. ನಿಮ್ಮ ಬ್ಯಾಟರಿ ಅಷ್ಟು ದಿನ ಹೆಂಗ ಬಾಳ್ತಾವು ಅಂತ ನೋಡಿ ನೋಡಿ ನಾನೂ ಉರಕೊಂಡೀನಿ. ಬಾಯಿ ಬರಲಿಲ್ಲ.”

ಶಂಭುಲಿಂಗ ಸೊಪ್ಪು ಕೆಳಗಿಟ್ಟ.

“ಎಷ್ಟು ಬರ್ತಾವ ನಿಮ್ಮವು?”

“ಹದಿನಾಕು ತಿಂಗಳು.”

“ನಮ್ಮವು ಮೂವತ್ತೆಂಟು,” ಎಂದ ಶಂಭುಲಿಂಗ. ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಯಾಕೆಂದು ಹೇಳತೊಡಗಿದ.